ಸನ್ನತಿಯ ತಾಯಿಗೆ ನೀನು ಕೊಟ್ಟ ಗುಳಿಗೆಗಳು

ನನ್ನ ರೈಲುಗಾಡಿಯ ಅಕ್ಕ ಸುಗಲಕ್ಕನಿಗೆ,

ನೀನು ಎಲ್ಲಿದ್ದೀಯೋ ಅಲ್ಲಿಗೆ ನಿನ್ನ ಅನಸೂಯಳ ನಮಸ್ಕಾರ ಮುಟ್ಟಲಿ. ನಾವು ಇಲ್ಲಿ ಸೇಡಂನಲ್ಲಿ ಆ ತಾಯಿಯ ದಯೆಯಿಂದ ಇದ್ದೇವೆ. ನೀನು ಹೇಗಿದ್ದೀ ಎಂದು ಬರೆಯಬೇಕು ಅನ್ನಿಸುತ್ತದೆ, ಆದರೆ ಅದನ್ನು ನಿನ್ನನ್ನು ಹೇಗೆ ಕೇಳಲಿ? ಇಬ್ಬರಿಗೂ ಒಂದೇ ಜಡ್ಡು, ಇಬ್ಬರಿಗೂ ಒಂದೇ ಗುಳಿಗೆ. ನೀನು ಹೋದೆ, ನಾನು ಉಳಿದೆ. ಈಗ ದವಾಖಾನೆಯವರು ನನ್ನ ಮುಂದೆ ಒಂದು ಮಾತು ಇಟ್ಟಿದ್ದಾರೆ. ಇನ್ನೊಂದು ಔಷಧಿ ಕೊಟ್ಟು ನೋಡುತ್ತೇವೆ, ಅದು ಹಿಡಿದರೆ ನಿಮ್ಮ ದಿನದ ಗುಳಿಗೆ ನಿಲ್ಲಿಸೋಣ ಅನ್ನುತ್ತಾರೆ. ಹೌದು ಅಕ್ಕ, ಅದೇ ಗುಳಿಗೆ. ನೀನು ನಿಲ್ಲಿಸಿದ್ದೆಯಲ್ಲ, ಅದೇ. ಸೋಮವಾರದೊಳಗೆ ಉತ್ತರ ಹೇಳಬೇಕು. ಮನೆಯವರನ್ನು ಕೇಳಿದೆ, ಚಿಂಚೋಳಿಯಲ್ಲಿರುವ ಮಗಳನ್ನು ಫೋನಿನಲ್ಲಿ ಕೇಳಿದೆ. ಅವರಿಗೆ ನನ್ನ ಮೇಲೆ ಮಾಯೆ ಇದೆ, ಆದರೆ ಈ ಗುಳಿಗೆಯನ್ನು ನಾಲಗೆಯ ಮೇಲೆ ಇಟ್ಟುಕೊಂಡವರಲ್ಲ. ಇಟ್ಟುಕೊಂಡವಳು ನೀನೊಬ್ಬಳು. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನಿನ್ನನ್ನು ಮೊದಲ ಸಲ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಸೇಡಂನಲ್ಲಿ ಹತ್ತಿ ಕಲಬುರಗಿಗೆ ಹೊರಟಿದ್ದೆ, ಮುಂಜಾನೆಯ ಪ್ಯಾಸೆಂಜರ್ ಗಾಡಿ. ಚಿತ್ತಾಪುರದಲ್ಲಿ ನೀನು ಹತ್ತಿದೆ. ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ಅರಿವೆ ಬಿಗಿದ ಮೊಸರಿನ ಗಡಿಗೆ. “ಜರಾ ಸರಿ ಯವ್ವಾ, ಮೊಸರು ಚೆಲ್ಲಿದ್ರ ನಿನ್ನ ಸೀರಿ ಕಡದು ಬೆಣ್ಣಿ ತಗೀಬೇಕಾಗ್ತದ” ಅಂತ ನೀನು ಅಂದಾಗ ಡಬ್ಬಿಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಹೊಸದಾಗಿ ಆ ಜಡ್ಡಿನ ಹೆಸರು ಕೇಳಿದ್ದ ದಿನಗಳು ಅವು. ಮಧ್ಯಾಹ್ನ ದವಾಖಾನೆಯ ಸಾಲಿನಲ್ಲಿ ನಿಂತಿದ್ದಾಗ ಯಾರೋ ಹಿಂದಿನಿಂದ ಭುಜ ತಟ್ಟಿದರು. ತಿರುಗಿ ನೋಡಿದರೆ ನೀನು. ಮೊಸರೆಲ್ಲ ಮಾರಿ, ಖಾಲಿ ಗಡಿಗೆ ಬಗಲಲ್ಲಿ ಇಟ್ಟುಕೊಂಡು ಬಂದಿದ್ದೆ.

“ನಿಂದೇನವಾ ಜಡ್ಡು?”

ನಾನು ಬಾಯಿ ಬಿಡಲಿಲ್ಲ. ಓಣಿಯಲ್ಲಿ ರಕ್ತ ಕಡಿಮೆ ಆಗಿದೆ ಎಂದಷ್ಟೇ ಹೇಳಿಕೊಂಡಿದ್ದೆ.

“ಹೇಳಬ್ಯಾಡ ಬಿಡು. ಈ ಸಾಲಿನಾಗ ನಿಂತವರದೆಲ್ಲ ಒಂದೇ. ನೆತ್ತರದಾಗಿನ ಕ್ಯಾನ್ಸರ್. ನಂದೂ ಅದೇ. ಹೆಸರು ತಗೊಂಡ್ರ ನಾಲಿಗಿ ಉದರಂಗಿಲ್ಲ.”

“ನೀವು ಎಷ್ಟು ದಿನದಿಂದ ಬರ್ತೀರಿ?” ಎಂದು ನಾನು ಕೇಳಿದ್ದಕ್ಕೆ, “ನೀವು ಅಂತ ಕರಿಲಿಕ್ಕ ನಾ ಏನ್ ಮಾಸ್ತರಬಾಯೇನ? ಅಕ್ಕ ಅನ್ನು, ನೀ ಅನ್ನು” ಎಂದು ಗದರಿದೆ. ಆ ಗದರಿಕೆಗೆ ನನಗೆ ಅಳು ಬಂತು. ಎಷ್ಟೋ ದಿನದ ಮೇಲೆ ಯಾರೋ ನನ್ನನ್ನು ಗಟ್ಟಿ ಮನುಷ್ಯಳ ಹಾಗೆ ಬೈದಿದ್ದರು.

ಆಮೇಲೆ ಪ್ರತಿ ತಿಂಗಳೂ ಅದೇ ಗಾಡಿ. ಇಬ್ಬರೂ ನಮ್ಮ ನಮ್ಮ ಜಡ್ಡಿನ ಕಥೆ ಬಿಚ್ಚಿದೆವು. ಎಡಪಕ್ಕೆಯ ಕೆಳಗೆ ಕಲ್ಲು ಇಟ್ಟ ಹಾಗೆ ಭಾರ ಆದಾಗ ನಾನು ವಾಯು ಎಂದು ಅಜವಾನ ತಿಂದಿದ್ದೆ, ನೀನು ದೃಷ್ಟಿ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿಕೊಂಡಿದ್ದೆ. ರಕ್ತದೊಳಗಿನ ಬಿಳಿಯ ಕಣಗಳು ಲೆಕ್ಕ ತಪ್ಪಿ ಹುಟ್ಟುವ ಜಡ್ಡು ಇದು, ದಿನಾ ಒಂದು ಗುಳಿಗೆ ನುಂಗಿದರೆ ಹಿಡಿತದಲ್ಲಿ ಇರುತ್ತದೆ ಎಂದು ಡಾಕ್ಟರು ಹೇಳಿದ್ದರು. ಇಬ್ಬರಿಗೂ ತಿಳಿದದ್ದು ಅಷ್ಟೇ. ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು, ಕಣ್ಣಿನ ಕೆಳಗೆ ಬಾವು ಬರುತ್ತಿತ್ತು, ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಮೈಬಣ್ಣವೂ ತಿಳಿಯಾಗುತ್ತ ಬಂತು. “ನೋಡು ಅನಸೂ, ಹ್ಯಾಂಗ ಬೆಳ್ಳಗಾಗಾಕತ್ತೀನಿ. ಹರೇದಾಗ ಈ ಗುಳಿಗಿ ಸಿಕ್ಕಿದ್ರ ನಮ್ಮಪ್ಪಗ ವರ ಹುಡುಕೂ ತ್ರಾಸ ತಪ್ತಿತ್ತು” ಎಂದು ನೀನು ಕೈ ಚಾಚಿ ತೋರಿಸಿದ್ದು, ಎದುರಿಗೆ ಕುಳಿತ ಮುದುಕ ಬೀಡಿ ಬಾಯಿಂದ ತೆಗೆದು ನಕ್ಕದ್ದು… ಕ್ಯಾನ್ಸರಿನ ಮಾತಿಗೆ ನಗುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ವಾಡಿಯಲ್ಲಿ ಗಾಡಿ ನಿಂತರೆ ನಿಂತೇ ಬಿಡುತ್ತಿತ್ತಲ್ಲ, ಅದೇ ನಮ್ಮ ಊಟದ ಹೊತ್ತು. ನಾನು ಮಾರಲು ಬಡಿದ ರೊಟ್ಟಿಯಲ್ಲಿ ನಾಲ್ಕು ತರುತ್ತಿದ್ದೆ, ನೀನು ಗಡಿಗೆಯ ಅರಿವೆ ಸರಿಸಿ ಮೊಸರು ಹಾಕುತ್ತಿದ್ದೆ. ಉಂಡ ಮೇಲೆ ಗುಳಿಗೆ. “ತಾಯಿ ಹೆಸರು ತಗೊಂಡು ನುಂಗು” ಅನ್ನುತ್ತಿದ್ದೆ ನೀನು. ಸನ್ನತಿಯ ಚಂದ್ರಲಾಂಬೆ ನಿಮ್ಮ ಮನೆದೇವರು, ನನಗೂ ಆಕೆಯೇ. ಇಬ್ಬರೂ ಒಟ್ಟಿಗೆ ಕಣ್ಣು ಮುಚ್ಚಿ, ಒಟ್ಟಿಗೆ ನುಂಗಿ, ಒಂದೇ ಬಾಟಲಿಯ ನೀರು ಕುಡಿಯುತ್ತಿದ್ದೆವು. ತಿಂಗಳ ಮಿಕ್ಕ ದಿನಗಳಲ್ಲಿ ಮನೆಯಲ್ಲಿ ಒಬ್ಬಳೇ ನುಂಗುವಾಗಲೂ, ಈಗ ಚಿತ್ತಾಪುರದಲ್ಲಿ ಸುಗಲಕ್ಕನೂ ನುಂಗುತ್ತಿರಬೇಕು ಅಂದುಕೊಂಡರೆ ಗಂಟಲಲ್ಲಿ ಸಲೀಸಾಗಿ ಇಳಿಯುತ್ತಿತ್ತು.

ನಿನ್ನ ರಿಪೋರ್ಟು ಕ್ಲೀನ್ ಬಂದ ದಿನ ನಿನಗೂ ಮರೆತಿರಲಿಕ್ಕಿಲ್ಲ. ಆಗ ಇದ್ದ ಡಾಕ್ಟರು ಕಾಗದ ನೋಡಿ, “ಏನೂ ಕಾಣೋದಿಲ್ಲಮ್ಮ, ಜಡ್ಡಿನ ಗುರುತೇ ಇಲ್ಲ. ಮಾತ್ರೆ ಮಾತ್ರ ಬಿಡಬೇಡಿ” ಅಂದರು. ನಮ್ಮ ಹಿಂದೆ ಸಾಲು ಬಾಗಿಲು ದಾಟಿ ನಿಂತಿತ್ತು, ಅವರಾದರೂ ಎಷ್ಟು ಹೇಳಿಯಾರು? ಹೊರಗೆ ಬಂದವಳೇ ನೀನು ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತೆ. ಜಡ್ಡು ಬಂದಾಗ ಅಳದವಳು ಹೋಯಿತೆಂದು ಅತ್ತೆ. “ಗುರುತೇ ಇಲ್ಲಂತ ಅನಸೂ! ತಾಯಿ ಕೈಯಾಡಿಸ್ಯಾಳ. ಹರಕಿ ತೀರಿಸ್ಬೇಕು” ಅಂದೆ. ಡಾಕ್ಟರ ಮಾತಿನ ಎರಡನೆಯ ಅರ್ಧ ನಿನ್ನ ಕಿವಿಗೆ ಬಿದ್ದಿತ್ತೋ ಇಲ್ಲವೋ…

ಮರುವಾರ ಚಿತ್ತಾಪುರದ ಪತ್ತಾರರ ಅಂಗಡಿಗೆ ಹೋಗಿದ್ದೆವಲ್ಲ, ನೆನೆಸಿಕೊಂಡರೆ ಈಗಲೂ ನಗು ಬಂದು ಹಿಂದೆಯೇ ಅಳು ಬರುತ್ತದೆ. ಮೈಯ ಯಾವ ಭಾಗಕ್ಕೆ ಜಡ್ಡು ಬಂದು ವಾಸಿಯಾಯಿತೋ ಆ ಭಾಗವನ್ನು ಬೆಳ್ಳಿಯಲ್ಲಿ ಬಡಿಸಿ ತಾಯಿಗೆ ಒಪ್ಪಿಸಬೇಕು, ಅದು ನಮ್ಮ ಹಿರಿಯರ ಪದ್ಧತಿ. ಪತ್ತಾರ ತಟ್ಟೆ ಮುಂದಿಟ್ಟ. ಅದರಲ್ಲಿ ಬೆಳ್ಳಿಯ ಕಣ್ಣು ಇದ್ದವು, ಕೈ ಕಾಲು ಇದ್ದವು, ಕಿವಿ ಇತ್ತು, ಮಕ್ಕಳಾಗದವರಿಗೆ ತೊಟ್ಟಿಲು ಇತ್ತು.

“ಯಾವುದು ಕೊಡ್ಲಿ ಬಾಯಿ? ಎದಕ್ಕಾಗಿತ್ತು ತ್ರಾಸ?”

“ನೆತ್ತರಕ್ಕ” ಅಂದೆ ನೀನು.

ಪತ್ತಾರ ಕನ್ನಡಕ ತೆಗೆದ. “ನೆತ್ತರಕ್ಕ ಆಕಾರ ಎಲ್ಲಿಂದ ತರ್ಲಿ? ಬೇಕಂದ್ರ ಎರಡು ಹನಿ ಬಡದು ಕೊಡ್ತೀನಿ.”

“ಹನಿ ಕೊಟ್ರ ತಾಯಿ ಕಣ್ಣೀರು ಅನ್ಕೋತಾಳ. ನನಗ ಅಳಸೂ ಹರಕಿ ಬ್ಯಾಡ.”

ಅಂಗಡಿ ತುಂಬ ನಗು. ಬರಿಗೈಯಲ್ಲಿ ಹೊರಗೆ ಬಂದೆವು. ಬಸ್ ನಿಲ್ದಾಣದವರೆಗೂ ನೀನು ನನಗಿಂತ ಮುಂದೆ ಮುಂದೆ ನಡೆದೆ. ಆಮೇಲೆ, “ಇರಲಿ. ಏನ್ ಕೊಡ್ಬೇಕಂತ ನನಗ ಹೊಳದದ” ಅಂದೆ. ಸೀರೆ ಇರಬೇಕು, ಹೋಳಿಗೆಯ ನೈವೇದ್ಯ ಇರಬೇಕು ಎಂದು ನಾನು ತಿಳಿದುಕೊಂಡೆ.

ಸನ್ನತಿಗೆ ನಾವು ಹೋದದ್ದು ಶುಕ್ರವಾರ. ಭೀಮೆಯಲ್ಲಿ ಕಾಲು ತೊಳೆದು ಗುಡಿಗೆ ಬಂದೆವು. ನೀನು ಖಣ, ತೆಂಗಿನಕಾಯಿ, ಉತ್ತತ್ತಿ, ಅರಿಶಿಣಕೊಂಬು ಇಟ್ಟು ತಾಯಿಗೆ ಉಡಿ ತುಂಬಿದೆ. ಖಣದ ಮಡಿಕೆಯೊಳಗೆ ಏನೋ ಸಣ್ಣ ಗಂಟು ಇತ್ತು. ತುಟಿ ಅಲುಗಿಸುತ್ತ ಬಹಳ ಹೊತ್ತು ನಿಂತಿದ್ದೆ. ಏನು ಬೇಡಿಕೊಂಡೆ ಎಂದು ನಾನು ಕೇಳಲಿಲ್ಲ, ಹರಕೆಯ ಮಾತು ಕೇಳಬಾರದಲ್ಲ. ಹೊರಗೆ ಬಂದಾಗ ನಿನ್ನ ಮುಖ ಹೇಗಿತ್ತು ಗೊತ್ತೇ? ತವರಿಗೆ ಹೋಗಿ ಬಂದವಳ ಮುಖದ ಹಾಗೆ ಇತ್ತು.

ಅದಾದ ಮೇಲೂ ನೀನು ತಿಂಗಳು ತಿಂಗಳು ಗಾಡಿಗೆ ಬಂದೆ. ಅದೇ ಗಡಿಗೆ, ಅದೇ ಗುಳಿಗೆಯ ಸಾಲು. ಗುಳಿಗೆ ಇಸಿದುಕೊಳ್ಳುತ್ತಿದ್ದೆ, ಸಹಿ ಮಾಡುತ್ತಿದ್ದೆ. ವಾಡಿಯಲ್ಲಿ ಉಂಡು ಗುಳಿಗೆ ಬಿಚ್ಚುತ್ತಿದ್ದೆವು. ನೀನು ಮಾತ್ರ ಕಿಟಕಿಯ ಕಡೆ ತಿರುಗಿ ನೀರು ಕುಡಿಯುವುದನ್ನು ರೂಢಿ ಮಾಡಿಕೊಂಡೆ. ವಾಡಿಯ ಸಿಮೆಂಟ್ ಕಾರ್ಖಾನೆಯ ಧೂಳು ಮುಖಕ್ಕೆ ಬಡಿಯುವ ಆ ಕಿಟಕಿಯಲ್ಲಿ ನೋಡುವಂಥದ್ದು ಏನಿತ್ತು? ನಿನ್ನ ಕಣ್ಣಿನ ಬಾವು ಇಳಿಯಿತು, ಕಾಲು ಹಿಡಿಯುವುದು ನಿಂತಿತು. ಲವಲವಿಕೆ ಬಂತು, ಮೈಬಣ್ಣವೂ ಮೊದಲಿನ ಹಾಗೆ ಕಪ್ಪಾಯಿತು. “ಅಕ್ಕ, ಬಿಸಿಲಾಗ ಭಾಳ ತಿರಗ್ತೀ ಏನು?” ಎಂದು ನಾನು ಕೇಳಿದರೆ, “ಹೂಂ, ಹರೇ ಹೊಳ್ಳಿ ಬರಾಕತ್ತದ” ಎಂದು ನಕ್ಕೆ. ಗುಳಿಗೆ ನಿನ್ನ ಮುಷ್ಟಿಯಲ್ಲಿ ಇತ್ತು. ನನಗೆ ತಿಳಿಯಲಿಲ್ಲ. ರಕ್ತದ ತಪಾಸಣೆಯ ಪಾಳಿ ಬಂದಾಗಲೂ ಎಮ್ಮೆ ಈದಿದೆ, ನೆಂಟರು ಬಂದಿದ್ದಾರೆ ಎಂದು ತಪ್ಪಿಸಿಕೊಂಡೆಯಂತೆ, ಅದೂ ಆಮೇಲೆ ತಿಳಿದದ್ದೇ.

ನಿನ್ನ ತೋಳಿನ ಮೇಲೆ ನೀಲಿಗಟ್ಟಿದ ಗುರುತು ನೋಡಿದ ದಿನ ಎಮ್ಮೆ ಹಾಯಿತು ಅಂದೆ. ಮುಂದಿನ ತಿಂಗಳು ನೀನು ಗಾಡಿಗೆ ಬರಲಿಲ್ಲ. ನಿನ್ನ ಸೊಸೆ ರೇಣುಕಾ ಫೋನ್ ಮಾಡಿದಳು. ಜ್ವರ ಇಳಿಯುತ್ತಿಲ್ಲ, ಒಸಡಿನಿಂದ ರಕ್ತ ಬರುತ್ತಿದೆ, ಕಲಬುರಗಿಗೆ ಸೇರಿಸಿದ್ದೇವೆ ಎಂದಳು. ನಾನು ಓಡಿ ಬಂದೆ. ಜಡ್ಡು ತಿರುಗಿ ಬಂದಿದೆ, ಮೊದಲಿನ ಹಾಗೆ ಮೆಲ್ಲಗೆ ಬರುವ ಜಡ್ಡಲ್ಲ, ಸಿಟ್ಟಿನ ರೂಪದಲ್ಲಿ ಬಂದಿದೆ, ಗುಳಿಗೆಗೆ ಬಗ್ಗುವ ಹಂತ ದಾಟಿದೆ ಎಂದು ಡಾಕ್ಟರು ಅಂದರು. ತಪ್ಪದೆ ನುಂಗಿದ್ದಾರೇನು ಎಂದು ಎಲ್ಲರನ್ನೂ ಕೇಳಿದರು. ನೀನು ಗೋಡೆಯ ಕಡೆ ಮುಖ ಮಾಡಿದೆ. ಎಲ್ಲರೂ ಹೊರಗೆ ಹೋದ ಮೇಲೆ ನನ್ನ ಕೈ ಹಿಡಿದುಕೊಂಡೆ.

“ಅನಸೂ, ಗುಳಿಗಿ ತಾಯಿಗಿ ಕೊಟ್ಟೀನಿ.”

“ಏನಂದಿ?”

“ನೆತ್ತರಕ್ಕ ಬೆಳ್ಳಿ ಸಿಗಲಿಲ್ಲಲ್ಲ. ಅದಕ್ಕ… ನೆತ್ತರ ತೊಳದ ಗುಳಿಗೀನೇ ಅಕಿ ಪಾದಕ್ಕ ಹಾಕಿದೆ. ಇನ್ನ ಮ್ಯಾಲ ನೀನೇ ನನ್ನ ಔಷಧಿ ಅಂತ ಮಾತು ಕೊಟ್ಟೆ.”

“ಹುಚ್ಚಿ ಏನಕ್ಕಾ ನೀನು! ಜಡ್ಡು ತಿರುಗಿ ಬಂತಂತ ಮೈಗೆ ಗೊತ್ತಾದಾಗರ ನುಂಗಬೇಕಾಗಿತ್ತಿಲ್ಲೋ!”

“ದೇವ್ರಿಗಿ ಕೊಟ್ಟಿದ್ದು ಹೊಳ್ಳಿ ಹ್ಯಾಂಗ ಇಸ್ಕೊಳ್ಳಲಿ? ಆ ಮುನಿ ಹಿಂದ ಹೊಳ್ಳಿ ನೋಡಿದ್ದಕ್ಕ ತಾಯಿ ಅಲ್ಲೇ ನಿಂತುಬಿಟ್ಟಳಲ್ಲ. ನಾನೂ ಹೊಳ್ಳಿ ನೋಡಿದ್ರ ನನ್ನ ಕೈ ಬಿಟ್ಟಾಳು ಅಂತ ಅಂಜಿದೆ.”

ಸನ್ನತಿಯ ಕಥೆ ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಮುನಿಯೊಬ್ಬ ತಪಸ್ಸು ಮಾಡಿ ತಾಯಿಯನ್ನು ಕರೆದುಕೊಂಡು ಹೊರಟ. ನೀನು ಮುಂದೆ ನಡೆ, ನಾನು ಹಿಂದೆ ಬರುತ್ತೇನೆ, ತಿರುಗಿ ನೋಡಬೇಡ ಅಂದಳಂತೆ ತಾಯಿ. ಭೀಮೆಯ ದಂಡೆಗೆ ಬಂದಾಗ ಗೆಜ್ಜೆಯ ಸಪ್ಪಳ ಕೇಳಲಿಲ್ಲ, ಮುನಿ ತಿರುಗಿ ನೋಡಿದ, ಆಕೆ ಅಲ್ಲೇ ನೆಲೆ ನಿಂತಳು. ಆ ಕಥೆಯನ್ನು ನೀನು ಎದೆಯಲ್ಲಿ ಇಟ್ಟುಕೊಂಡು, ಮೈಯೊಳಗೆ ಗೆಜ್ಜೆಯ ಸಪ್ಪಳ ನಿಂತದ್ದು ತಿಳಿದರೂ ತಿರುಗದೆ ನಡೆದೆಯಲ್ಲ ಅಕ್ಕ. ಅದಕ್ಕೆ ಭಕ್ತಿ ಅನ್ನಲೇ? ಏನನ್ನಲಿ? ಆಗ ನಾನು ನಿನ್ನ ಬೆವರು ಒರೆಸುತ್ತ ಕುಳಿತೆ.

ನೀನು ಹೋದ ಮೇಲೆ, ದಿನಕರ್ಮ ಮುಗಿದು ಮನೆ ಸಾರಿಸುವಾಗ ರೇಣುಕಾ ನನ್ನನ್ನು ದೇವರ ಜಗಲಿಯ ಹತ್ತಿರ ಕರೆದಳು. ತಾಯಿಯ ಫೋಟೋ ಸರಿಸಿ ತೋರಿಸಿದಳು. ಹಿಂದೆ ಗುಳಿಗೆಯ ಪಟ್ಟಿಗಳು, ಒಂದರ ಮೇಲೊಂದು, ಪ್ರತಿಯೊಂದಕ್ಕೂ ಕುಂಕುಮ. ಕೆಲವಕ್ಕೆ ಒಣಗಿದ ಹೂ. “ಚಿಗವ್ವಾ, ನಮ್ಮತ್ತೀನ್ನ ಜಡ್ಡು ತಿನ್ನಲಿಲ್ಲ, ದೇವ್ರು ತಿಂದಳು” ಅಂದಳು. ಅಳಲಿಲ್ಲ. ಫೋಟೋವನ್ನು ಒರೆಸಿ, ಸುತ್ತಿ, ಅಟ್ಟದ ಮೇಲೆ ಹಾಕಿದಳು. ನಾನು ಬ್ಯಾಡವ್ವಾ ಎನ್ನಬೇಕಾಗಿತ್ತೇ? ಎನ್ನಲಿಲ್ಲ. ನನ್ನೊಳಗೂ ಅದೇ ಮಾತು ಕುದಿಯುತ್ತಿತ್ತು. ಎರಡು ದಸರೆ ನಾನು ಸನ್ನತಿಯ ಮುಖ ನೋಡಲಿಲ್ಲ. ಮನೆಯಲ್ಲಿ ದೀಪ ಹಚ್ಚುತ್ತಿದ್ದೆ, ಆದರೆ ಮಾತು ಬಿಟ್ಟ ಅತ್ತೆ ಸೊಸೆಯರ ಹಾಗೆ, ಕೆಲಸ ಮಾಡಿ ಎದ್ದು ಬರುತ್ತಿದ್ದೆ.

ಈಗ ಇರುವ ಡಾಕ್ಟರಮ್ಮ ವಯಸ್ಸಿನಲ್ಲಿ ಸಣ್ಣವರು, ನನ್ನ ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವರಿರಬೇಕು. ಹೋದ ತಿಂಗಳು ನನ್ನ ರಿಪೋರ್ಟು ನೋಡಿ ಕುರ್ಚಿ ಎಳೆದು ಕೂರಿಸಿದರು. ನಿನ್ನ ಕಾಗದದಲ್ಲಿ ಇದ್ದ ಮಾತೇ ನನ್ನದರಲ್ಲೂ ಇತ್ತು, ಜಡ್ಡಿನ ಗುರುತು ಕಾಣುವುದಿಲ್ಲ ಎಂದು. “ಕಾಣಂಗಿಲ್ಲ ಅಂದ್ರ ಇಲ್ಲ ಅಂತ ಅಲ್ರೀ ಅಮ್ಮ” ಎಂದು ಅವರು ಶುರು ಮಾಡಿದರು. ಎಲುಬಿನ ತಿರುಳಿನೊಳಗೆ ಈ ಜಡ್ಡಿನ ಬೇರಿನಂಥ ಕಣಗಳು ಇರುತ್ತವಂತೆ. ಕ್ಯಾನ್ಸರಿನ ಸ್ಟೆಮ್ ಸೆಲ್ ಎಂದು ಅವುಗಳ ಹೆಸರು. ಬಹಳ ಇಲ್ಲ, ಕೆಲವೇ ಕೆಲವು. ಬೇರೆ ಕಣಗಳು ಹಗಲು ರಾತ್ರಿ ಒಂದಕ್ಕೆ ಎರಡಾಗುತ್ತಿದ್ದರೆ ಇವು ಮುದುಡಿ ಮಲಗಿರುತ್ತವೆ. ನಮ್ಮ ಗುಳಿಗೆ ಎದ್ದು ಓಡಾಡುವ ಕಣಗಳನ್ನು ಕೊಲ್ಲುತ್ತದೆ, ಮಲಗಿದವಕ್ಕೆ ಅದು ತಾಗುವುದಿಲ್ಲ. ಅವುಗಳ ಪೈಕಿ ಒಂದು ಎದ್ದು ಮರಿ ಹಾಕಿದರೆ ಗುಳಿಗೆ ಆ ಮರಿಗಳನ್ನು ಅಲ್ಲೇ ಹೊಡೆಯುತ್ತದೆ. ಗುಳಿಗೆಯೇ ಇಲ್ಲದಿದ್ದರೆ…

“ಗುಳಿಗೆಯೇ ಇಲ್ಲದಿದ್ರ ಏನಾಗ್ತದಂತ ನನಗ ಗೊತ್ತದರಿ” ಅಂದೆ. ಅವರು ನನ್ನ ಕಾಗದ ಮಡಚಿ ಮೇಜಿನ ಮೇಲೆ ಇಟ್ಟರು.

ಆಗ ನಿನ್ನ ಮೊಸರಿನ ಗಡಿಗೆ ನನ್ನ ಕಣ್ಣ ಮುಂದೆ ಬಂದು ನಿಂತಿತು. ಒಮ್ಮೆ ನಿಮ್ಮ ಹಿತ್ತಲಲ್ಲಿ ನಾನು ಕುಳಿತಿದ್ದಾಗ ಗಡಿಗೆ ತೊಳೆಯುತ್ತ ಹೇಳಿದ್ದೆಯಲ್ಲ, ಮಣ್ಣಿನ ಗಡಿಗೆಯನ್ನು ಬೂದಿ ಹಾಕಿ ತಿಕ್ಕಿದರೂ, ಕುದಿಯುವ ನೀರು ಹೊಯ್ದರೂ, ಹುಳಿ ಅದರ ಮೈಯಲ್ಲಿ ಕುಳಿತೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ಬರುವುದಿಲ್ಲ, ಹಸಿ ಹಾಲು ಹೊಯ್ದು ನೋಡು, ಮಧ್ಯಾಹ್ನದೊಳಗೆ ಒಡೆದಿರುತ್ತದೆ ಎಂದು. ಅದಕ್ಕೇ ನೀನು ತೊಳೆದ ಗಡಿಗೆಯನ್ನು ಕೆಂಡದ ಮೇಲೆ ಬೋರಲು ಹಾಕುತ್ತಿದ್ದೆ, ಕಾವು ಮಣ್ಣಿನ ಒಳಗೆ ಇಳಿಯಲಿ ಎಂದು. ನಮ್ಮ ಗುಳಿಗೆ ತೊಳೆಯುವ ಕೆಲಸ ಮಾಡುತ್ತಿತ್ತು ಅಕ್ಕ. ದಿನಾ ತೊಳೆಯುತ್ತಿತ್ತು, ಅದಕ್ಕೇ ಗಡಿಗೆ ಘಮ್ಮೆನ್ನುತ್ತಿತ್ತು. ಹುಳಿ ಹೋಗಿರಲಿಲ್ಲ. ಇಷ್ಟು ಮಾತನ್ನು ಆ ದಿನ ಯಾರಾದರೂ ನಿನ್ನ ಮುಂದೆ ಹೇಳಿದ್ದರೆ ನೀನು ತಟ್ಟನೆ ತಿಳಿದುಕೊಳ್ಳುತ್ತಿದ್ದೆ. ಗಡಿಗೆ ತೊಳೆದು ತೊಳೆದು ಕೈ ಸವೆಸಿದವಳಿಗೆ ಬೇರೆ ಬಿಡಿಸಿ ಹೇಳುವ ಅಗತ್ಯವಿತ್ತೇ? ತಾಯಿಗೆ ಒಂದು ಖಣ ಕೊಟ್ಟು, ಹೋಳಿಗೆ ಎಡೆ ಹಿಡಿದು ಮನೆಗೆ ಬಂದಿರುತ್ತಿದ್ದೆ. ಇವತ್ತು ವಾಡಿಯಲ್ಲಿ ನನ್ನ ರೊಟ್ಟಿಗೆ ಮೊಸರು ಹಾಕುತ್ತಿದ್ದೆ…

ಈಗ ಅವರು ಹೇಳುವ ಹೊಸ ಮಾತು ಆ ಕೆಂಡದ ಹಾಗೆ. ಬೇರೆ ಯಾವುದೋ ಜಡ್ಡಿಗೆ ಎಷ್ಟೋ ವರ್ಷದಿಂದ ಕೊಡುತ್ತಿದ್ದ ಮಾತ್ರೆಯಂತೆ, ಅದನ್ನು ನಮ್ಮ ಗುಳಿಗೆಯ ಜೊತೆಗೆ ಕೊಟ್ಟರೆ ಮಲಗಿದ ಕಣಗಳನ್ನೂ ಮುಟ್ಟಬಹುದು ಎಂದು ಹೈದರಾಬಾದಿನ ದೊಡ್ಡ ದವಾಖಾನೆಯಲ್ಲಿ ಪರೀಕ್ಷೆ ನಡೆಸಿದ್ದಾರಂತೆ. ನಾನು ಒಪ್ಪಿದರೆ ಸೋಮವಾರವೇ ಅಲ್ಲಿಗೆ ಹೋಗಿ ಹೆಸರು ಬರೆಸಬೇಕು. ಮೊದಲು ಕೆಲವು ತಿಂಗಳು ಎರಡೂ ನುಂಗಬೇಕು. ಸೊಂಟದ ಎಲುಬಿನಿಂದ ತಿರುಳು ತೆಗೆದು ನೋಡುತ್ತಾರೆ. ಆಮೇಲೂ ಗುರುತು ಕಾಣದಿದ್ದರೆ ಎರಡನ್ನೂ ನಿಲ್ಲಿಸಿ, ತಿಂಗಳು ತಿಂಗಳು ರಕ್ತ ನೋಡುತ್ತ ಹೋಗುತ್ತಾರೆ. “ವಾಸಿ ಆಗ್ತದೇನ್ರಿ?” ಎಂದು ಕೇಳಿದೆ. ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. “ಗೊತ್ತಿಲ್ರೀ ಅಮ್ಮ. ಗೊತ್ತು ಮಾಡ್ಕೊಳ್ಳಾಕೇ ಇದನ್ನ ಮಾಡೋದು. ನಮ್ಮ ಒಳ್ಳೆ ರಕ್ತಕ್ಕೂ ಹಿಂಗ ಬೇರಿನಂಥ ತಾಯಿ ಕಣ ಇರ್ತಾವ. ಅವಕ್ಕ ಪೆಟ್ಟಾಗ್ದಂಗ ಕೆಟ್ಟವನ್ನಷ್ಟೇ ಹಿಡೀಬೇಕು, ಅದೇ ಕಷ್ಟ” ಅಂದರು. ಕೆಂಡದ ಕಾವು ಹೆಚ್ಚಾದರೆ ಗಡಿಗೆಯೇ ಬಿರಿಯುತ್ತದೆ ಎಂಬುದು ನಿನಗೆ ಹೇಳಬೇಕೇ?

ಮನೆಗೆ ಬಂದು ಹೇಳಿದಾಗ ನಮ್ಮ ಮನೆಯವರು ಉಣ್ಣುತ್ತಿದ್ದ ತಾಟು ಸರಿಸಿದರು. ಅವರು ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಿಡಿಯುವವರು, ಮಾತು ಕಡಿಮೆ.

“ಚಲೋ ಇದ್ದೀ. ರೊಟ್ಟಿ ಬಡ್ಯಾಕತ್ತೀ. ನೆಟ್ಟಗಿದ್ದ ಮೈ ಕೆಡಿಸ್ಕೊಳ್ಳೂ ಉಸಾಬರಿ ಯಾಕ?”

“ಜೀವ ಇರೂತನಕ ಗುಳಿಗಿ ನುಂಗೂದು ತಪ್ಪಬಹುದಂತ್ರಿ.”

“ನುಂಗಿದ್ರ ಏನಾತು? ಸುಗಲಾಬಾಯಿ ಬಿಟ್ಟು ಏನಾತು, ನೋಡಿದಿಲ್ಲ?”

“ಅಕ್ಕ ತಾಯಿಗಿ ಕೊಟ್ಟು ಬಿಟ್ಟಳ್ರಿ.”

“ಅದ ನನಗ ತಿಳಿಯಂಗಿಲ್ಲ ನೋಡು. ತಾಯಿಗೇನ್ ಜಡ್ಡಾಗಿತ್ತು, ಗುಳಿಗಿ ಬೇಡಾಕ?”

ಅವರು ಸಿಟ್ಟಿನಲ್ಲಿ ಅಂದ ಮಾತು. ನನಗೆ ಮೊದಲು ನಗು ಬಂತು, ಆಮೇಲೆ ಆ ಮಾತು ಮನಸ್ಸಿನಲ್ಲೇ ಉಳಿಯಿತು. ಖರೇ ಅಲ್ಲವೇ ಅಕ್ಕ? ಆಕೆ ಬೇಡಿದ್ದಳೇ?

ಮೊನ್ನೆ ಮಂಗಳವಾರ ನಾನು ಒಬ್ಬಳೇ ಸನ್ನತಿಗೆ ಹೋದೆ. ಇಷ್ಟು ದಿನದ ಮೇಲೆ. ಜಗಳ ತೆಗೆಯಬೇಕೆಂದೇ ಹೋದದ್ದು. ಎದುರಿಗೆ ನಿಂತು ಕೇಳಿದೆ, ನಮ್ಮಕ್ಕ ಕೊಟ್ಟಾಗ ಬೇಡ ಎಂದು ಒಂದು ಹೂವಾದರೂ ಯಾಕೆ ಕೆಳಗೆ ಹಾಕಲಿಲ್ಲ ನೀನು? ಕಣ್ಣೀರು ಹರಿಯಿತು. ಆಕೆ ಸುಮ್ಮನೆ ನೋಡುತ್ತಿದ್ದಳು. ಪೂಜಾರಿಯವರು ಯಾವುದೋ ಊರಿನಿಂದ ಬಂದವರಿಗೆ ಅದೇ ಕಥೆ ಹೇಳುತ್ತಿದ್ದರು, ಮುನಿ ತಿರುಗಿ ನೋಡಿದ ಕಥೆ. ಹುಟ್ಟಿದಾಗಿನಿಂದ ಕೇಳಿದ ಕಥೆ, ಆದರೆ ಆ ದಿನ ಬೇರೆ ಹಾಗೆ ಕೇಳಿಸಿತು. ಮುನಿ ತಿರುಗಿ ನೋಡಿದ್ದಕ್ಕೆ ತಾಯಿ ಸಿಟ್ಟಾಗಿ ಹೊರಟು ಹೋಗಲಿಲ್ಲವಲ್ಲ! ಅಲ್ಲೇ ನಿಂತಳು. ನಮ್ಮ ಭೀಮೆಯ ದಂಡೆಯಲ್ಲಿ, ನಮ್ಮ ಕೈಗೆಟಕುವ ಹಾಗೆ ನಿಂತಳು. ಆತ ತಿರುಗದೆ ನಡೆದಿದ್ದರೆ ನನಗೂ ನಿನಗೂ ಆಕೆ ಎಲ್ಲಿ ಸಿಗುತ್ತಿದ್ದಳು? ಹೀಗಿರುವಾಗ ತಿರುಗಿ ನೋಡಿದವರ ಕೈ ಬಿಡುತ್ತಾಳೆ ಎಂದು ನೀನು ಹೇಗೆ ತಿಳಿದೆ ಅಕ್ಕ? ನಾನು ನಿನ್ನ ಹಾಸಿಗೆಯ ಹತ್ತಿರ ಕುಳಿತಾಗ ಈ ಮಾತು ನನಗೆ ಯಾಕೆ ಹೊಳೆಯಲಿಲ್ಲ? ಹೊಳೆದಿದ್ದರೂ ಆಗ ಹೊತ್ತು ಮೀರಿತ್ತು. ಅದು ನನಗೆ ಗೊತ್ತು, ಆದರೂ…

ನನ್ನ ಉತ್ತರ ಏನು ಎಂದು ಈಗ ಹೇಳುತ್ತೇನೆ. ಹೌದು ಅನ್ನುತ್ತೇನೆ. ಅಂಜಿಕೆ ಹೋಗಿದೆ ಎಂದು ತಿಳಿಯಬೇಡ, ನಿಲ್ಲಿಸುವುದು ಎಂಬ ಶಬ್ದವನ್ನು ಈಗಲೂ ಎರಡು ಸಲ ಹೊಡೆದು ಹಾಕಿ ಬರೆದೆ. ಆದರೆ ನೀನು ಒಬ್ಬಳೇ ನಿಲ್ಲಿಸಿದೆ, ಯಾರಿಗೂ ಹೇಳದೆ, ಯಾರೂ ನೋಡದ ಹಾಗೆ. ನನ್ನದನ್ನು ನಿಲ್ಲಿಸಿದರೆ ತಿಂಗಳು ತಿಂಗಳು ನನ್ನ ನೆತ್ತರನ್ನು ತಿರುಗಿ ತಿರುಗಿ ನೋಡುವವರು ಇರುತ್ತಾರೆ. ಗುರುತು ಕಂಡ ಕೂಡಲೇ ಹಳೆಯ ಗುಳಿಗೆ ಶುರು ಮಾಡಿದರೆ ಜಡ್ಡು ಹೆಚ್ಚಿನವರಲ್ಲಿ ಮತ್ತೆ ಬಗ್ಗುತ್ತದಂತೆ. ಅದಕ್ಕೂ ಗ್ಯಾರಂಟಿ ಬರೆದು ಕೊಡುವುದಿಲ್ಲ, ಇರಲಿ. ನನ್ನ ಎಲುಬಿನ ತಿರುಳು ನೋಡಿ ಆ ಮಲಗಿದವುಗಳ ವಿಷಯ ಅವರಿಗೆ ಒಂದಿಷ್ಟು ತಿಳಿದರೆ, ನಮ್ಮ ಸಾಲಿನಲ್ಲಿ ಹೊಸದಾಗಿ ಬಂದು ನಿಲ್ಲುವ ಹೆಣ್ಣುಮಕ್ಕಳಿಗಾದರೂ ಬೇಕಾಗುತ್ತದೆ. ಜಡ್ಡು ತಿರುಗಿ ಬಂದರೆ ನಾನು ಮುಚ್ಚಿಡುವುದಿಲ್ಲ. ತಾಯಿಗೆ ಏನು ಒಪ್ಪಿಸಬೇಕೋ ಅದನ್ನು ಬದುಕಿದ್ದು ಒಪ್ಪಿಸುತ್ತೇನೆ, ಅವಸರವಿಲ್ಲ ಎಂದು ಆಕೆಗೂ ಹೇಳಿ ಬಂದಿದ್ದೇನೆ. ನಮ್ಮ ಮನೆಯವರು ಇನ್ನೂ ಮಾತು ಬಿಟ್ಟೇ ಇದ್ದಾರೆ, ಆದರೆ ನಿನ್ನೆ ಬಜಾರಿನಿಂದ ಬರುವಾಗ ನನಗೆ ಪ್ರಯಾಣಕ್ಕೆಂದು ಹೊಸ ಕೈಚೀಲ ತಂದು ಗೂಟಕ್ಕೆ ಸಿಕ್ಕಿಸಿದ್ದಾರೆ.

ಇನ್ನೊಂದು ಸುದ್ದಿ, ನಿನಗೆ ಹೇಳಲೇಬೇಕಾದದ್ದು. ನಿನ್ನೆ ರೇಣುಕಾಗೆ ಫೋನಿನಲ್ಲಿ ಇದೆಲ್ಲ ಹೇಳಿದೆ. “ಚಿಗವ್ವಾ, ನೀನೂ ನಿಲ್ಲಸ್ತಿ?” ಅಂದಳು. ಅವಳ ದನಿ ಕೇಳಿ ಫೋನ್ ಇಟ್ಟುಬಿಡೋಣ ಅನ್ನಿಸಿತು. ಮಲಗಿದ ಕಣದ ಮಾತು, ಗಡಿಗೆಯ ಮಾತು, ತಿಂಗಳ ತಪಾಸಣೆಯ ಮಾತು ಎಲ್ಲ ಬಿಡಿಸಿ ಹೇಳಿದೆ. ಆಗ ಅತ್ತಳು ಅಕ್ಕ. ನೀನು ಹೋದಾಗ ಅಳದಿದ್ದ ಹುಡುಗಿ ನಿನ್ನೆ ಅತ್ತಳು. ಹೈದರಾಬಾದಿಗೆ ನಿನ್ನ ಜೊತೆ ಯಾರು ಎಂದು ಕೇಳಿದಳು. ಯಾರೂ ಇಲ್ಲ ಅಂದೆ. ಸೋಮವಾರ ಚಿತ್ತಾಪುರದಲ್ಲಿ ಅವಳೂ ಗಾಡಿ ಹತ್ತುತ್ತಾಳೆ, ಅದೇ ಗಾಡಿಗೆ ನಾನು ಸೇಡಂನಲ್ಲಿ ಹತ್ತಬೇಕು. ಪ್ರತಿ ಸಲವೂ ಬರುತ್ತಾಳಂತೆ. ದೇವರ ಮಾತು ಮಾತ್ರ ತೆಗೆಯಬೇಡ ಅಂದಳು, ತೆಗೆಯುವುದಿಲ್ಲ ಅಂದೆ.

“ಎದುರಿಗಿ ಕುಂತು ನೋಡ್ತೀನಿ ಚಿಗವ್ವಾ. ನುಂಗಿದ ಮ್ಯಾಲ ಬಾಯಿ ತೆಗದು ತೋರಸಬೇಕು. ನಾಲಿಗಿ ಎತ್ತಿ ತೋರಸಬೇಕು. ನಾಚಕೋಬಾರದು.”

ನಾಚಿಕೊಳ್ಳುವುದಿಲ್ಲ ಅಕ್ಕ. ಡಬ್ಬಿಯಲ್ಲಿ ಎಷ್ಟೇ ಮಂದಿ ಇರಲಿ, ನಿನ್ನ ಸೊಸೆಗೆ ಬಾಯಿ ತೆರೆದು ತೋರಿಸುತ್ತೇನೆ.

ನಿನ್ನ
ಅನಸೂಯ